ದಲಾಲಿ ಪಟ್ಟಿ ತಂತ್ರಾಂಶದ ಕೈಪಿಡಿ: ಬಿಚ್ಚಿ ಜೋಡಿಸಿದ ದಾಖಲೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ, ಗದಗ. ಈ ಕಡೆಯ ದಲಾಲಿ ಅಂಗಡಿಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಸಣ್ಣ ಓಪನ್ ಸೋರ್ಸ್ ತಂತ್ರಾಂಶ ಇದು. ರೈತರ ಚೀಲ, ತೂಕ, ದರ ಹಾಕಿದರೆ ಲೆಕ್ಕದ ಪಟ್ಟಿ ತಯಾರಾಗಿ ಥರ್ಮಲ್ ಪ್ರಿಂಟರಿನಲ್ಲಿ ಕನ್ನಡದಲ್ಲೇ ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಮಾಹಿತಿ ಕೂಡುವುದು ಒಂದು ಎಸ್‌ಕ್ಯೂಲೈಟ್ (ಸಣ್ಣ ಡೇಟಾಬೇಸ್) ಕಡತದಲ್ಲಿ. ಕೋಡ್ ಚೆನ್ನಾಗಿಯೇ ಓಡುತ್ತಿತ್ತು. ಕೈಪಿಡಿ ಎಂದರೆ ಇಂಗ್ಲಿಷಿನ ಒಂದೇ ಒಂದು ರೀಡ್‌ಮಿ ಕಡತ: ಮೊದಲು ವೈಶಿಷ್ಟ್ಯಗಳ ಉದ್ದ ಪಟ್ಟಿ, ಆಮೇಲೆ ಲಿನಕ್ಸ್‌ಗೆ ಹೊಂದುವ ಎರಡು ಸಾಲಿನ ಕಮಾಂಡ್, ವಿಂಡೋಸ್, ಪ್ರಿಂಟರ್, ಬ್ಯಾಕಪ್ ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು, ಕೊನೆಗೆ ಲೈಸೆನ್ಸ್. ಅಂಗಡಿಗಳಲ್ಲಿ ಇರುವುದು ವಿಂಡೋಸ್ ಕಂಪ್ಯೂಟರ್.

ಈ ಕೈಪಿಡಿಯ ರಿಪೇರಿಗೆ ಇಳಿದಾಗ ಅದರ ವ್ಯಾಪ್ತಿ ಮೊದಲೇ ಗೊತ್ತುಮಾಡಿದ್ದು ಹೀಗೆ: ಕಂಪ್ಯೂಟರಿನಲ್ಲಿ ಬಿಲ್ ಹೊಡೆಯಲು ಬರುವ, ಕಮಾಂಡ್ ಗೊತ್ತಿಲ್ಲದ ಗುಮಾಸ್ತರೊಬ್ಬರು ಯಾರಿಗೂ ಫೋನ್ ಮಾಡದೆ ಮೊದಲ ಪಟ್ಟಿ ಮುದ್ರಿಸಬೇಕು. ಮಿಕ್ಕಿದ್ದು ನಂತರ. ಜನವರಿಯಿಂದ ಏಪ್ರಿಲ್‌ವರೆಗೆ ಮೆಣಸಿನಕಾಯಿ ಆವಕ ಜೋರಿರುವಾಗ ಅಂಗಡಿಯಲ್ಲಿ ಯಾರೂ ಕೈಪಿಡಿ ಓದುವುದಿಲ್ಲ. ಹಾಗಾಗಿ ಕೆಲಸ ಮಳೆಗಾಲದಲ್ಲೇ ಮುಗಿಯಬೇಕು.

ಎಲ್ಲಿ ಕೆಟ್ಟಿದೆ ಎಂದು ನೋಡುವುದು

ಕೈಪಿಡಿಯನ್ನು ಬರೆದವರೇ ಓದಿದರೆ ಕೆಟ್ಟದ್ದು ಕಾಣುವುದಿಲ್ಲ, ಬಿಟ್ಟುಹೋದದ್ದನ್ನೆಲ್ಲ ತಲೆ ತುಂಬಿಕೊಳ್ಳುತ್ತದೆ. ಹೊಸಬರೊಬ್ಬರನ್ನು ಕೂರಿಸಿ, ಕೈಪಿಡಿ ಮುಂದಿಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುವುದೇ ಪರೀಕ್ಷೆ. ಬೇಕಾದದ್ದು ಇಷ್ಟು: ತಂತ್ರಾಂಶದ ಸುಳಿವೂ ಇಲ್ಲದ ಕಂಪ್ಯೂಟರ್, ಕಾಗದ, ಗಡಿಯಾರ. ಓದುವವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ನಿಂತಾಗ ಏನಂದರು ಎಂದು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಕೇಳಿದರೂ ಉತ್ತರ ಕೊಡಕೂಡದು. ಎಲ್ಲಕ್ಕಿಂತ ಕಷ್ಟದ ನಿಯಮ ಇದೇ.

ಕಂಪ್ಯೂಟರ್ ನಿಜವಾಗಿ ಖಾಲಿ ಇರಬೇಕು. ತಂತ್ರಾಂಶ ಬರೆಯುವವರ ಲ್ಯಾಪ್‌ಟಾಪಿನಲ್ಲಿ ಪೈಥಾನ್, ಫಾಂಟು, ಡ್ರೈವರ್ ಎಲ್ಲ ಮೊದಲೇ ಕೂತಿರುತ್ತವೆ. ವಿಂಡೋಸ್ ಪ್ರೊ ಇದ್ದರೆ ‘ವಿಂಡೋಸ್ ಸ್ಯಾಂಡ್‌ಬಾಕ್ಸ್’ (ಮುಚ್ಚಿದ ಕೂಡಲೇ ಅಳಿಯುವ ಖಾಲಿ ವಿಂಡೋಸ್) ಸಾಕು, ಹೋಮ್ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ. ಆಗ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ ಹಾಕಿ, ಖಾಲಿ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಪ್ರತಿ ಪರೀಕ್ಷೆಗೂ ಅದಕ್ಕೇ ಮರಳಬೇಕು.

ಬರೆದುಕೊಂಡ ಮೊದಲ ಸಾಲು ಇದು: “ಕರೇ ಪರದೆ ಬಂತ್ ನೋಡ್ರಿ ಸರ, ಇದರಾಗ ಏನ್ ಬರೀಲಿ?” ಕಮಾಂಡ್ ಪ್ರಾಂಪ್ಟ್ ತೆರೆಯಿರಿ ಎಂದಷ್ಟೇ ಕೈಪಿಡಿ ಹೇಳಿತ್ತು. ತೆರೆದ ಮೇಲೆ ಯಾವ ಫೋಲ್ಡರಿಗೆ ಹೋಗಬೇಕು, ಹೋಗುವುದು ಹೇಗೆ ಎಂಬುದು ಇರಲಿಲ್ಲ. ಎರಡನೆಯ ಸಾಲು: “ಅಂಗಡಿ ತೆರೀತಲ್ರಿ, ಇದನ್ನ ಕೊಂಡ್ಕೋಬೇಕೇನ್ರಿ?”

ಎರಡನೆಯ ಮಾತಿನ ಹಿಂದೆ ವಿಂಡೋಸಿನ ಒಂದು ಚೇಷ್ಟೆ ಇದೆ. ಪೈಥಾನ್ ಇಲ್ಲದ ವಿಂಡೋಸ್ 10 ಅಥವಾ 11ರಲ್ಲಿ ‘ಪೈಥಾನ್’ ಎಂದು ಕಮಾಂಡ್ ಹೊಡೆದರೆ ‘ಇಲ್ಲ’ ಎಂಬ ಉತ್ತರದ ಬದಲು ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ಗೊತ್ತಿಲ್ಲದವರಿಗೆ ಅದು ದುಡ್ಡು ಕೇಳುವ ಪರದೆ.

ಇನ್‌ಸ್ಟಾಲ್ ಭಾಗ

ಹೊಸ ಕ್ರಮ: ಪೈಥಾನ್‌ನ ಅಧಿಕೃತ ಇನ್‌ಸ್ಟಾಲರ್ ಇಳಿಸಿಕೊಳ್ಳುವುದು. ಮೊದಲ ಪರದೆಯ ಕೆಳಗಿರುವ, ಪಾತ್‌ಗೆ (ವಿಂಡೋಸ್ ಕಮಾಂಡ್ ಹುಡುಕುವ ಫೋಲ್ಡರುಗಳ ಸಾಲಿಗೆ) ಸೇರಿಸುವ ಚೌಕದಲ್ಲಿ ಗುರುತು ಹಾಕುವುದು. ಈ ಚೌಕ ಮೊದಲೇ ಗುರುತಾಗಿರುವುದಿಲ್ಲ, ಕಣ್ಣು ಅತ್ತ ಹೋಗುವುದೂ ಇಲ್ಲ. ಇಡೀ ಕೈಪಿಡಿಯಲ್ಲಿ ಚಿತ್ರ ಬೇಕೇ ಬೇಕಾದ ಜಾಗ ಇದು. ಆಮೇಲೆ ತಂತ್ರಾಂಶದ ಜಿಪ್ ಬಿಚ್ಚಿ, ಆ ಫೋಲ್ಡರ್ ತೆರೆದು, ಮೇಲಿನ ವಿಳಾಸ ಪಟ್ಟಿಯಲ್ಲಿ ‘ಸಿಎಂಡಿ’ ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿದರೆ ಕಪ್ಪು ಪರದೆ ಸರಿಯಾದ ಫೋಲ್ಡರಿನಲ್ಲೇ ತೆರೆಯುತ್ತದೆ. ಫೋಲ್ಡರ್ ಬದಲಿಸುವ ಕಮಾಂಡನ್ನು ಕಲಿಸುವ ಗೋಜೇ ಬೇಡ.

ಹಳೆಯ ರೀಡ್‌ಮಿ ಮುಂದಿನ ಹೆಜ್ಜೆಗೆ ಪವರ್‌ಶೆಲ್ (ವಿಂಡೋಸಿನ ಇನ್ನೊಂದು ಕಮಾಂಡ್ ಪರದೆ) ಬಳಸಲು ಹೇಳಿತ್ತು. ಅಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ತಂತ್ರಾಂಶಕ್ಕೆ ಬೇಕಾದ ಪೈಥಾನ್ ಭಾಗಗಳನ್ನು ಬೇರೆಯಾಗಿಡುವ ಫೋಲ್ಡರ್) ಚಾಲೂ ಮಾಡಿದ ಕೂಡಲೇ ‘ಈ ಸಿಸ್ಟಂನಲ್ಲಿ ಸ್ಕ್ರಿಪ್ಟ್ ಓಡಿಸುವುದನ್ನು ತಡೆಯಲಾಗಿದೆ’ ಎಂಬರ್ಥದ ಕೆಂಪು ಅಕ್ಷರ ಬರುತ್ತದೆ, ಏಕೆಂದರೆ ಸಾಮಾನ್ಯ ವಿಂಡೋಸಿನಲ್ಲಿ ಎಕ್ಸಿಕ್ಯೂಷನ್ ಪಾಲಿಸಿ, ಅಂದರೆ ಸ್ಕ್ರಿಪ್ಟ್ ಓಡಿಸಲು ಬಿಡುವ ನಿಯಮ, ಬಿಗಿ. ಪಾಲಿಸಿ ಸಡಿಲಿಸಿ ಎಂದು ಬರೆಯುವುದು ಸುಲಭ. ಆದರೆ ಪಟ್ಟಿ ಹೊಡೆಯುವವರಿಂದ ಕಂಪ್ಯೂಟರಿನ ಭದ್ರತೆ ಬದಲಿಸುವುದು ಸರಿಯಲ್ಲ. ಪವರ್‌ಶೆಲ್ ಸಾಲುಗಳನ್ನೆಲ್ಲ ಕಿತ್ತು, ಹಳೆಯ ಕಮಾಂಡ್ ಪ್ರಾಂಪ್ಟಿನ ಬ್ಯಾಚ್ ಕಡತವನ್ನೇ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟದ್ದು) ಇಟ್ಟದ್ದಾಯಿತು. ಅದು ಈ ಪಾಲಿಸಿಗೆ ಸಿಕ್ಕುವುದಿಲ್ಲ.

ಪ್ರತಿ ಹೆಜ್ಜೆಯ ಕೆಳಗೂ ಒಂದು ಸಾಲು ಕಡ್ಡಾಯ: ಸರಿಯಾಗಿದ್ದರೆ ಪರದೆಯ ಮೇಲೆ ಏನು ಕಾಣುತ್ತದೆ. ‘ಪೈಥಾನ್ 3ರಿಂದ ಶುರುವಾಗುವ ಒಂದು ಸಾಲು ಬರಬೇಕು. ಸ್ಟೋರ್ ತೆರೆದರೆ 2ನೇ ಹೆಜ್ಜೆಗೆ ಹಿಂದಿರುಗಿ.’ ಈ ಸಾಲು ಇಲ್ಲದಿದ್ದರೆ ಮೂರನೇ ಹೆಜ್ಜೆಯ ತಪ್ಪು ಒಂಬತ್ತನೆಯದರಲ್ಲಿ ಬಯಲಾಗುತ್ತದೆ, ಅಷ್ಟರಲ್ಲಿ ಬೇರು ಎಲ್ಲಿದೆ ಎಂದು ಹುಡುಕುವವರು ದಿಕ್ಕು ತಪ್ಪಿರುತ್ತಾರೆ.

ಮೊದಲ ಪಟ್ಟಿ

ಡ್ಯಾನಿಯೆಲೆ ಪ್ರೊಸಿಡಾ ರೂಪಿಸಿದ ‘ಡಯಾಟ್ಯಾಕ್ಸಿಸ್’ ಎಂಬ ವಿಂಗಡಣೆ ಕೈಪಿಡಿಯನ್ನು ನಾಲ್ಕಾಗಿ ಒಡೆಯುತ್ತದೆ: ಕೈ ಹಿಡಿದು ಕಲಿಸುವ ಪಾಠ, ನಿರ್ದಿಷ್ಟ ಕೆಲಸದ ವಿಧಾನ, ಉಲ್ಲೇಖ, ವಿವರಣೆ. ಅಂಗಡಿಗೆ ಬೇಕಾದದ್ದು ಮೊದಲೆರಡು. ಉಲ್ಲೇಖ ಮತ್ತು ವಿವರಣೆ ಕೋಡ್‌ಗೆ ಕೈ ಹಚ್ಚುವವರ ಪುಟಗಳಿಗೆ ಹೋದವು, ಅವು ಇಂಗ್ಲಿಷಿನಲ್ಲೇ ಉಳಿದವು. ಎಲ್ಲವನ್ನೂ ಕನ್ನಡ ಮಾಡಲೇಬೇಕೆಂಬ ಹಟ ಇಲ್ಲಿ ಉಪಯೋಗಕ್ಕಿಲ್ಲ.

ಪಾಠದ ಲೆಕ್ಕ ಓದುಗರು ಬಾಯಿಲೆಕ್ಕದಲ್ಲಿ ತಾಳೆ ನೋಡುವಂತಿರಬೇಕು. ಇಟ್ಟ ಉದಾಹರಣೆ: ಕಡ್ಡಿ ಮೆಣಸಿನಕಾಯಿ, 12 ಚೀಲ, ಕಾಟಾದಲ್ಲಿ ಒಟ್ಟು 498 ಕೆಜಿ. ಖಾಲಿ ಚೀಲಕ್ಕೆ ತಲಾ 1 ಕೆಜಿ ಕಳೆದರೆ 486 ಕೆಜಿ, ಅಂದರೆ 4.86 ಕ್ವಿಂಟಲ್. ದರ ಕ್ವಿಂಟಲ್‌ಗೆ 20,000 ರೂಪಾಯಿ, ಮೊತ್ತ 97,200. ಹಮಾಲಿ ಚೀಲಕ್ಕೆ 10ರಂತೆ 120 ಕಳೆದು ಕೊಡಬೇಕಾದದ್ದು 97,080. ಇವು ಲೆಕ್ಕ ಕಲಿಸಲು ಇಟ್ಟ ಅಂಕಿ, ಪೇಟೆಯ ದರವೂ ಅಲ್ಲ, ನಿಗದಿಯಾದ ಕೂಲಿಯೂ ಅಲ್ಲ ಎಂದು ಅದೇ ಪುಟದಲ್ಲಿ ಬರೆದಿದೆ. ಬರೆಯದಿದ್ದರೆ ಯಾರಾದರೂ ಅದನ್ನೇ ಇಟ್ಟುಕೊಂಡು ಪಟ್ಟಿ ಹೊಡೆಯುತ್ತಾರೆ.

ದರದ ಖಾನೆಯಲ್ಲಿ ಕೆಜಿ ದರ ಹಾಕುವುದು ಮಾಮೂಲಿ ಎಡವಟ್ಟು. ಕ್ವಿಂಟಲ್ ಜಾಗದಲ್ಲಿ 200 ಎಂದು ಹಾಕಿದರೆ ಮೊತ್ತ 972 ಎಂದು ಬರುತ್ತದೆ, ತಂತ್ರಾಂಶ ಅದನ್ನು ತಡೆಯುವುದಿಲ್ಲ. ಹಾಗಾಗಿ ಸರಿ ಉತ್ತರದ ಪಕ್ಕದಲ್ಲೇ ‘972 ಬಂದಿದ್ದರೆ ಕೆಜಿ ದರ ಹಾಕಿದ್ದೀರಿ’ ಎಂದು ಸೇರಿಸಿದ್ದಾಯಿತು. ಮೇಲೆ ತಂತ್ರಾಂಶದ ತಂಡಕ್ಕೂ ಒಂದು ದೂರು ದಾಖಲಾಯಿತು: ಖಾನೆಯ ಹೆಸರೇ ‘ದರ (ಕ್ವಿಂಟಲ್‌ಗೆ)’ ಎಂದಾಗಲಿ. ಪರದೆ ಸರಿಪಡಿಸಿದರೆ ಹೋಗುವ ಗೊಂದಲವನ್ನು ಕೈಪಿಡಿಯಲ್ಲಿ ವಿವರಿಸುತ್ತ ಕೂರಬಾರದು.

ಕನ್ನಡ ಅಕ್ಷರದ ತೊಂದರೆಗಳು

ಹೆಚ್ಚು ಫೋನ್ ಬರುವುದು ಈ ಭಾಗದಿಂದ. ಇಂಗ್ಲಿಷ್ ಕೈಪಿಡಿಯಲ್ಲಿ ಇದರ ಸೊಲ್ಲೇ ಇರಲಿಲ್ಲ.

ನುಡಿ. ಈ ಭಾಗದ ಗುಮಾಸ್ತರ ಬೆರಳು ಪಳಗಿರುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಗೆ. ನುಡಿ ಹಳೆಯ ಆಸ್ಕಿ ವಿಧದಲ್ಲಿದ್ದರೆ ರೈತರ ಹೆಸರಿನ ಖಾನೆಯಲ್ಲಿ ಕನ್ನಡ ಮೂಡುವುದಿಲ್ಲ: ‘ಕನ್ನಡ’ ಎಂದು ಹೊಡೆದರೆ ಇಂಗ್ಲಿಷಿನ ದೊಡ್ಡ ‘ಪಿ’, ಪೌಂಡ್ ಗುರುತು, ಸಣ್ಣ ‘ಕ್ಯೂ’ ಹೀಗೆ ಏನೇನೋ ಕಾಣುತ್ತದೆ. ಆ ವಿಧದಲ್ಲಿ ಅಕ್ಷರಗಳು ನುಡಿ ಫಾಂಟಿನ ಮುಖವಾಡದಲ್ಲಷ್ಟೇ ಕನ್ನಡ, ಒಳಗಿನ ಸಂಕೇತ ಲ್ಯಾಟಿನ್‌ನದು. ಪರಿಹಾರ: ನುಡಿಯನ್ನು ಯುನಿಕೋಡ್ (ಪ್ರತಿ ಲಿಪಿಗೂ ಅದರದೇ ಸಂಕೇತ ಕೊಡುವ ಪದ್ಧತಿ) ವಿಧಕ್ಕೆ ಬದಲಿಸುವುದು. ಹಳೆಯ ಗ್ರಾಹಕರ ಪಟ್ಟಿ ಆಸ್ಕಿಯಲ್ಲಿದ್ದರೆ ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ಪರಿಶೀಲಿಸುವುದು. ನುಡಿ ಇಲ್ಲದವರಿಗೆ ವಿಂಡೋಸಿನದೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. 2019ರ ಮೇ ಅಪ್‌ಡೇಟ್‌ನಿಂದ ಫೋನೆಟಿಕ್ ಕೀಲಿಮಣೆಯೂ ಬಂದಿದೆ.

ಎಕ್ಸೆಲ್. ತಿಂಗಳ ವರದಿಯನ್ನು ಸಿಎಸ್‌ವಿ (ಖಾನೆಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯ) ಕಡತವಾಗಿ ತೆಗೆದು ಡಬಲ್ ಕ್ಲಿಕ್ ಮಾಡಿದರೆ ಹೆಸರುಗಳೆಲ್ಲ ಕಸ. ಕಡತ ಯುಟಿಎಫ್-8ರಲ್ಲಿದೆ (ಯುನಿಕೋಡ್ ಬರೆದಿಡುವ ಬಗೆ), ಆದರೆ ಕಡತದ ತಲೆಯಲ್ಲಿ ಅದನ್ನು ತಿಳಿಸುವ ಬೈಟ್ ಆರ್ಡರ್ ಮಾರ್ಕ್ ಎಂಬ ಗುರುತು ಇಲ್ಲದಿದ್ದರೆ ಎಕ್ಸೆಲ್ ಅದನ್ನು ಹಳೆಯ ಸಂಕೇತವೆಂದೇ ಓದುತ್ತದೆ. ಆ ಸ್ಥಿತಿಯಲ್ಲೇ ಸೇವ್ ಮಾಡಿದರೆ ಕಡತ ಶಾಶ್ವತವಾಗಿ ಕೆಡುತ್ತದೆ, ಹಾಗಾಗಿ ‘ಸೇವ್ ಮಾಡದೆ ಮುಚ್ಚಿ’ ಎಂಬುದು ಮೊದಲ ಸಾಲು. ಆಮೇಲೆ ಡೇಟಾ ಮೆನುವಿನಲ್ಲಿ ಟೆಕ್ಸ್ಟ್/ಸಿಎಸ್‌ವಿಯಿಂದ ಆಮದು, ಸಂಕೇತದ ಜಾಗದಲ್ಲಿ 65001 (ಯುಟಿಎಫ್-8) ಆರಿಸುವುದು. ಕೋಡಿನಲ್ಲಿ ಇದು ಒಂದು ಪದದ ಬದಲಾವಣೆ: ಪೈಥಾನ್ ಕಡತ ಬರೆಯುವಾಗ ‘ಯುಟಿಎಫ್-8-ಸಿಗ್’ ಎಂದರೆ ಆ ಗುರುತು ತಾನೇ ಕೂಡುತ್ತದೆ. ತಿದ್ದುಪಡಿ ಸೇರಿದ ಮೇಲೂ ಕೈಪಿಡಿಯ ಪರಿಚ್ಛೇದ ಉಳಿಯಬೇಕು, ಹಳೆಯ ಆವೃತ್ತಿ ಬಿಡದವರು ಇದ್ದೇ ಇರುತ್ತಾರೆ.

ಇಲ್ಲೇ ಒಂದು ಉಪಕಥೆ. ತೂಕದ ಖಾನೆಯಲ್ಲಿ ಕನ್ನಡ ಅಂಕಿ ೪೯೮ ಹಾಕಿದರೂ ಪೈಥಾನ್ ಅದನ್ನು 498 ಎಂದೇ ಓದುತ್ತದೆ. ಆದರೆ ವರದಿಗೆ ಕನ್ನಡ ಅಂಕಿ ಹಾಗೆಯೇ ಹೋದರೆ ಎಕ್ಸೆಲ್‌ಗೆ ಅದು ಅಕ್ಷರ, ಮೊತ್ತ ಕೂಡುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕೈಪಿಡಿ ಒಂದೇ ಮಾತು ಹೇಳುತ್ತದೆ: ಅಂಕಿ ಇಂಗ್ಲಿಷಿನಲ್ಲೇ ಹಾಕಿ.

ಪ್ರಿಂಟರ್. ಸಾಮಾನ್ಯ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಇಡೀ ಪಟ್ಟಿಯನ್ನು ಚಿತ್ರ ಮಾಡಿ ಕಳಿಸಬೇಕು. ಇದರಲ್ಲಿ ಕೆಡುವ ಜಾಗ ಮೂರು.

ಒಂದು, ಅಗಲ. ಈ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8 ಚುಕ್ಕಿ. 80 ಮಿಮೀ ಕಾಗದದಲ್ಲಿ 72 ಮಿಮೀ ಅಚ್ಚಾಗುತ್ತದೆ, ಅಂದರೆ 576 ಚುಕ್ಕಿ. 58 ಮಿಮೀ ಕಾಗದದಲ್ಲಿ 48 ಮಿಮೀ, 384 ಚುಕ್ಕಿ. ಸಣ್ಣ ಪ್ರಿಂಟರಿಗೆ 576ರ ಚಿತ್ರ ಹೋದರೆ ಬಲಗಡೆ ಕತ್ತರಿಸಿ ಮೊತ್ತದ ಖಾನೆಯೇ ಹಾರಿಹೋಗುತ್ತದೆ. ಕೈಪಿಡಿಯಲ್ಲಿ ಚುಕ್ಕಿಯ ಲೆಕ್ಕ ಬೇಡ, ‘ಕಾಗದದ ಸುರುಳಿಗೆ ಸ್ಕೇಲ್ ಹಿಡಿದು ನೋಡಿ’ ಎಂದರೆ ಸಾಕು.

ಎರಡು, ಒತ್ತಕ್ಷರ. ಚಿತ್ರ ಬರೆಯುವ ಪಿಲ್ಲೋ ಗ್ರಂಥಾಲಯಕ್ಕೆ (ಪೈಥಾನ್‌ಗೆ ಸೇರಿಸುವ ಸಿದ್ಧ ಕೋಡ್) ಕನ್ನಡದ ಒತ್ತು ಕೂಡಿಸಲು ‘ರಾಕ್ಮ್’ ಎಂಬ ಜೋಡಣೆ ಯಂತ್ರ ಬೇಕು, ಅದು ಕೆಲಸ ಮಾಡಲು ‘ಫ್ರಿಬಿಡಿ’ ಎಂಬ ಇನ್ನೊಂದು ಗ್ರಂಥಾಲಯವೂ ಬೇಕು. ವಿಂಡೋಸಿನಲ್ಲಿ ಫ್ರಿಬಿಡಿಯ ಡಿಎಲ್‌ಎಲ್ ಕಡತವನ್ನು ಬೇರೆಯಾಗಿ ಒದಗಿಸದಿದ್ದರೆ ಪಿಲ್ಲೋ ದೂರದೆ ಸಾದಾ ವಿಧಾನಕ್ಕೆ ಇಳಿಯುತ್ತದೆ, ‘ಪಟ್ಟಿ’ಯಲ್ಲಿ ಒತ್ತು ಕೂಡದೆ ಅಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಯಾವ ದೋಷ ಸಂದೇಶವೂ ಇಲ್ಲದ ಕಾರಣ ಪರೀಕ್ಷೆಯ ಚೀಟಿಯೊಂದನ್ನು ಸೇರಿಸಿದ್ದಾಯಿತು. ಅದರಲ್ಲಿ ಮೂರೇ ಪದ: ಪಟ್ಟಿ, ಲಕ್ಷ್ಮವ್ವ, ಅರ್ಜುನ. ‘ಪಟ್ಟಿ’ಯಲ್ಲಿ ಟಕಾರದ ಒತ್ತು ಕೆಳಗೆ ಕೂತಿದೆಯೇ, ‘ಕ್ಷ್ಮ’ದಲ್ಲಿ ಮಕಾರದ ಒತ್ತು ಬಂದಿದೆಯೇ, ‘ಅರ್ಜುನ’ದಲ್ಲಿ ಅರ್ಕಾವತ್ತು ‘ಜು’ ಆದ ಮೇಲೆ ಬಿದ್ದಿದೆಯೇ ಎಂದು ಪಕ್ಕದ ಚಿತ್ರಕ್ಕೆ ಹೋಲಿಸಿದರೆ ಮುಗಿಯಿತು. ಫಾಂಟು ನೋಟೋ ಸ್ಯಾನ್ಸ್ ಕನ್ನಡ. ಅದರ ಮುಕ್ತ ಲೈಸೆನ್ಸ್ ತಂತ್ರಾಂಶದ ಜತೆಗೇ ಹಂಚಲು ಬಿಡುತ್ತದೆ, ಹಾಗಾಗಿ ‘ಫಾಂಟ್ ಇಳಿಸಿಕೊಳ್ಳಿ’ ಎಂಬ ಹೆಜ್ಜೆಯೇ ಕೈಪಿಡಿಯಿಂದ ಹೋಯಿತು.

ಮೂರು, ಡ್ರೈವರ್. ಹಳೆಯ ರೀಡ್‌ಮಿ ‘ಝಾಡಿಗ್’ ಎಂಬ ಸಲಕರಣೆ ಬಳಸಿ ಯುಎಸ್‌ಬಿ ಡ್ರೈವರ್ ಬದಲಿಸಲು ಹೇಳುತ್ತಿತ್ತು. ಬದಲಿಸಿದರೆ ಪೈಥಾನ್ ನೇರ ಮಾತಾಡುತ್ತದೆ ನಿಜ, ಆದರೆ ಪ್ರಿಂಟರ್ ವಿಂಡೋಸಿನ ಪಟ್ಟಿಯಿಂದ ಮಾಯವಾಗಿ ಅಂಗಡಿಯ ಬೇರೆ ಲೆಕ್ಕದ ತಂತ್ರಾಂಶದ ಬಿಲ್ ನಿಲ್ಲುತ್ತದೆ. ಹೊಸ ಕೈಪಿಡಿ ವಿಂಡೋಸಿನ ಪ್ರಿಂಟರ್ ಹೆಸರಿನ ಮೂಲಕ ಕಚ್ಚಾ ಮಾಹಿತಿ ಕಳಿಸುವ ದಾರಿಯನ್ನು ತೋರುತ್ತದೆ. ಈಗಾಗಲೇ ಝಾಡಿಗ್ ಹಾಕಿಕೊಂಡವರಿಗೆ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿ, ಕೇಬಲ್ ಬಿಚ್ಚಿ ಹಾಕಿ, ತಯಾರಕರ ಡ್ರೈವರ್ ಮರಳಿ ಹಾಕುವ ಕ್ರಮವಿದೆ.

ಬ್ಯಾಕಪ್

ಪೆನ್‌ಡ್ರೈವಿಗೆ ಕಡತ ನಕಲು ಮಾಡಿ ಎಂದಷ್ಟೇ ಇದ್ದ ಸಾಲು ಅಪಾಯದ್ದು. ತಂತ್ರಾಂಶ ಎಸ್‌ಕ್ಯೂಲೈಟನ್ನು ವಾಲ್ ವಿಧದಲ್ಲಿ ಓಡಿಸುತ್ತದೆ: ಹೊಸ ದಾಖಲೆ ಮೊದಲು ಪಕ್ಕದ ‘ವಾಲ್’ ಕಡತಕ್ಕೆ ಹೋಗಿ ಆಮೇಲೆ ಮುಖ್ಯ ಕಡತಕ್ಕೆ ಸೇರುತ್ತದೆ. ತಂತ್ರಾಂಶ ತೆರೆದಿರುವಾಗ ಮುಖ್ಯ ಕಡತವನ್ನಷ್ಟೇ ನಕಲು ಮಾಡಿದರೆ ಆ ದಿನದ ಕೊನೆಯ ಪಟ್ಟಿಗಳು ಬಿಟ್ಟುಹೋಗಬಹುದು. ಈಗಿನ ಸಾಲು: ತಂತ್ರಾಂಶ ಮುಚ್ಚಿ, ಫೋಲ್ಡರಿನಲ್ಲಿ ‘ವಾಲ್’ ಕಡತ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಕಲು ಮಾಡಿ. ಬ್ಯಾಕಪ್ ಬಟನ್ ಬಂದರೆ ಇದೂ ಹೋಗುತ್ತದೆ. ಎಸ್‌ಕ್ಯೂಲೈಟಿನಲ್ಲೇ ಅದಕ್ಕೆ ಬೇಕಾದ ಸೌಲಭ್ಯ ಇದೆ.

ಪುಟಗಳ ಒಳಕೀಲು

ಬರಹ ಮಾರ್ಕ್‌ಡೌನ್‌ನಲ್ಲಿ (ಸಾದಾ ಪಠ್ಯದಲ್ಲೇ ಶೀರ್ಷಿಕೆ, ಕೊಂಡಿ ಗುರುತಿಸುವ ಬಗೆ), ಅದರಿಂದ ತಾಣ ಕಟ್ಟುವುದು ಎಮ್‌ಕೆಡಾಕ್ಸ್ ಎಂಬ ತಂತ್ರಾಂಶ. ಇಂಗ್ಲಿಷ್ ಬರಹಕ್ಕೆ ಇದು ಹೇಳದೆ ಕೇಳದೆ ನಡೆಯುತ್ತದೆ. ಕನ್ನಡಕ್ಕೆ ಬಂದಾಗ ಮೊದಲು ಮುರಿಯುವುದು ಶೀರ್ಷಿಕೆಗಳ ಕೊಂಡಿ.

ಶೀರ್ಷಿಕೆಯಿಂದ ಕೊಂಡಿಯ ಹೆಸರು ಮಾಡುವಾಗ ಎಮ್‌ಕೆಡಾಕ್ಸ್ ಬಳಸುವ ಪೈಥಾನ್-ಮಾರ್ಕ್‌ಡೌನ್ ಆಸ್ಕಿ ಅಲ್ಲದ ಅಕ್ಷರವನ್ನೆಲ್ಲ ಎಸೆಯುತ್ತದೆ. ಕನ್ನಡ ಶೀರ್ಷಿಕೆಯಲ್ಲಿ ಏನೂ ಉಳಿಯದೆ ಕೊಂಡಿಗಳು ‘_1’, ‘_2’, ‘_3’ ಆಗುತ್ತವೆ. ಮಧ್ಯೆ ಒಂದು ಶೀರ್ಷಿಕೆ ಸೇರಿಸಿದರೆ ಎಲ್ಲ ಒಂದೊಂದು ಮುಂದಕ್ಕೆ ಸರಿದು, ನಿನ್ನೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ ‘ಬ್ಯಾಕಪ್’ ಕೊಂಡಿ ಇಂದು ‘ಪ್ರಿಂಟರ್’ ತೆರೆಯುತ್ತದೆ. ಯುನಿಕೋಡ್ ಉಳಿಸುವ ಆಯ್ಕೆ ಹಾಕಿದರೂ ಅರ್ಧ ಮಾತ್ರ ಸರಿ: ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ (ಪಠ್ಯದಲ್ಲಿ ಮಾದರಿ ಹುಡುಕುವ ಸೌಲಭ್ಯ) ಸ್ವರಚಿಹ್ನೆ ಮತ್ತು ವಿರಾಮ (ಹಲಂತದ ಗುರುತು) ‘ಅಕ್ಷರ’ಗಳಲ್ಲ, ಅವು ಉದುರುತ್ತವೆ. ‘ತೂಕ’ ಹೋಗಿ ‘ತಕ’, ‘ಪಟ್ಟಿ’ ಹೋಗಿ ‘ಪಟಟ’. ಸಾಲದ್ದಕ್ಕೆ ವಿಳಾಸದಲ್ಲಿ ಕನ್ನಡದ ಪ್ರತಿ ಚಿಹ್ನೆ 3 ಬೈಟ್, ಸಂಕೇತಿಸಿದಾಗ 9 ಅಕ್ಷರ. ಐದು ಚಿಹ್ನೆಯ ‘ಪಟ್ಟಿ’ 45 ಅಕ್ಷರದ ಬಾಲವಾಗುತ್ತದೆ.

ಆದ್ದರಿಂದ ಕಡತದ ಹೆಸರುಗಳು ಇಂಗ್ಲಿಷಿನಲ್ಲಿ, ಪ್ರತಿ ಶೀರ್ಷಿಕೆಗೂ ಕೈಯಾರೆ ಬರೆದ ಇಂಗ್ಲಿಷ್ ಗುರುತು. ಇದಕ್ಕೆ ‘ಆ್ಯಟ್ರ್-ಲಿಸ್ಟ್’ ವಿಸ್ತರಣೆ ಚಾಲೂ ಇರಬೇಕು. ಒಮ್ಮೆ ಕೊಟ್ಟ ಗುರುತನ್ನು ಶೀರ್ಷಿಕೆ ಬದಲಾದರೂ ಬದಲಿಸಬಾರದು. ಎಮ್‌ಕೆಡಾಕ್ಸ್ 1.6ರಿಂದ ಕೊಂಡಿಯ ಗುರುತುಗಳ ತಪಾಸಣೆಯೂ ಇದೆ, ಆದರೆ ಮೊದಲಿಗೆ ಅದು ಸುಮ್ಮನೆ ಮಾಹಿತಿ ಕೊಡುತ್ತದಷ್ಟೇ. ಅದನ್ನು ಎಚ್ಚರಿಕೆಯ ಮಟ್ಟಕ್ಕೆ ಏರಿಸಿ ‘ಸ್ಟ್ರಿಕ್ಟ್’ ಆಯ್ಕೆಯಲ್ಲಿ ಕಟ್ಟಿದರೆ ಮುರಿದ ಕೊಂಡಿ ಇರುವ ಬದಲಾವಣೆ ಒಳಗೆ ಬರುವುದೇ ಇಲ್ಲ.

ಹುಡುಕಾಟದ ಕಥೆ ಬೇರೆ. ಇಂಗ್ಲಿಷಿಗೆ ಹೊಂದಿಸಿದ ಹುಡುಕು ಸೌಲಭ್ಯ ಪದದ ಎರಡೂ ತುದಿಯಿಂದ ಇಂಗ್ಲಿಷ್ ಅಕ್ಷರವಲ್ಲದ್ದನ್ನು ಕತ್ತರಿಸುತ್ತದೆ, ಪೂರ್ತಿ ಕನ್ನಡ ಪದ ಖಾಲಿಯಾಗುತ್ತದೆ. ಅದು ಸರಿಹೋದರೂ ವಿಭಕ್ತಿಯ ಕಾಟ ಇದೆ: ‘ಪ್ರಿಂಟರ್’ ಎಂದು ಹುಡುಕುವವರಿಗೆ ‘ಪ್ರಿಂಟರಿಗೆ’, ‘ಪ್ರಿಂಟರಿನಲ್ಲಿ’ ಬೇರೆ ಪದಗಳು. ಮೇಲೆ ‘ಸಾಫ್ಟ್‌ವೇರ್’ನಂಥ ಪದದೊಳಗೆ ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್-ಜಾಯ್ನರ್ ಎಂಬ ಗುರುತು ಕೂತಿರುತ್ತದೆ, ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಪೆನ್‌ಡ್ರೈವಿನಲ್ಲಿ ಕೊಟ್ಟ ಪ್ರತಿಯಲ್ಲಂತೂ ಹುಡುಕಾಟ ನಡೆಯುವುದೇ ಇಲ್ಲ, ಬ್ರೌಸರ್ ಅದರ ಸೂಚಿ ಕಡತ ಓದಲು ಬಿಡುವುದಿಲ್ಲ. ಹೀಗಾಗಿ ಹುಡುಕು ಪೆಟ್ಟಿಗೆಯನ್ನು ನೆಚ್ಚದೆ ಕೈಯಿಂದ ಕಟ್ಟಿದ ‘ಏನು ಕಾಣುತ್ತಿದೆ?’ ಎಂಬ ಸೂಚಿ ಪುಟ ಮೊದಲ ಪುಟದಲ್ಲೇ ಇದೆ. ಅದರಲ್ಲಿ ಮೂಲರೂಪದ ಪದಗಳೇ: ಪ್ರಿಂಟರ್, ಒತ್ತಕ್ಷರ, ಮೊತ್ತ, ಎಕ್ಸೆಲ್. ಪೆನ್‌ಡ್ರೈವ್ ಪ್ರತಿಗೆ ಡೈರೆಕ್ಟರಿ ವಿಳಾಸದ ಆಯ್ಕೆಯನ್ನು ಬಂದ್ ಮಾಡಿ ಕಟ್ಟಬೇಕು, ಇಲ್ಲವಾದರೆ ಕೊಂಡಿ ಒತ್ತಿದಾಗ ಪುಟದ ಬದಲು ಫೋಲ್ಡರ್ ತೆರೆಯುತ್ತದೆ.

ದೋಷಗಳ ಪುಟದಲ್ಲಿ ಸಂದೇಶವನ್ನು ಅನುವಾದಿಸುವಂತಿಲ್ಲ. ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲು ಇದ್ದಂತೆಯೇ ಇರಬೇಕು, ಜನ ಕಣ್ಣಿನಲ್ಲಿ ಹೋಲಿಸುವುದು ಅದನ್ನೇ. ಕೆಳಗೆ ಕಾರಣ ಒಂದು ವಾಕ್ಯ, ಮಾಡಬೇಕಾದ್ದು, ಸರಿಯಾಯಿತೆಂದು ತಿಳಿಯುವ ಬಗೆ.

ಪದಗಳ ವಿಷಯಕ್ಕೆ ನಿಯಮ ಒಂದೇ: ಅಂಗಡಿಯಲ್ಲಿ ಆಡುವ ಪದ. ಪಟ್ಟಿ, ಕಾಟಾ, ಹಮಾಲಿ, ಪ್ರಿಂಟರ್, ಪೆನ್‌ಡ್ರೈವ್. ‘ಮುದ್ರಕ’ ಎಂದು ಬರೆದ ಕರಡಿನ ಮುಂದೆ ಕೂತವರು ಅದು ಯಾವ ಡಬ್ಬಿ ಎಂದು ಕೇಳಿದರು.

ಉಳಿದ ಕೆಲಸ

ಗೋಡೆಗೆ ಅಂಟಿಸುವ ಎ4 ಹಾಳೆ: ಒಂದು ಬದಿಗೆ ಪಟ್ಟಿ ಹೊಡೆಯುವ ಕ್ರಮ, ಇನ್ನೊಂದು ಬದಿಗೆ ಪ್ರಿಂಟರ್ ದೋಷ. ಪಿಡಿಎಫ್ ಮಾಡಲು ಪಿಡಿಎಫ್‌ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶ ಆಗದು, ಕನ್ನಡಕ್ಕೆ ಝೀಲೇಟೆಕ್‌ನಂಥದ್ದು ಬೇಕು. ಬ್ರೌಸರಿನಿಂದಲೇ ಪ್ರಿಂಟ್ ಕೊಟ್ಟರೂ ಒತ್ತಕ್ಷರ ಸರಿಯಾಗಿ ಬರುತ್ತದೆ, ಸದ್ಯ ಅದೇ ಸಾಕು.

ಪುಲ್ ರಿಕ್ವೆಸ್ಟ್ (ಕೋಡಿನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ನಮೂನೆಯಲ್ಲಿ ಹೊಸ ಸಾಲು ಸೇರಿದೆ: ಪರದೆಯ ಖಾನೆ, ಬಟನ್ ಅಥವಾ ಸಂದೇಶ ಬದಲಾಗಿದ್ದರೆ ಕೈಪಿಡಿಯ ಯಾವ ಪುಟ ತಿದ್ದಿದ್ದೀರಿ? ಉತ್ತರ ಖಾಲಿ ಇದ್ದರೆ ವಿಲೀನ ಇಲ್ಲ. ಚಿತ್ರಗಳನ್ನು ಕಡಿಮೆ ಮಾಡಿದ್ದೂ ಇದಕ್ಕೇ, ಒಂದು ಬಟನ್ ಸರಿದರೆ ಚಿತ್ರವೆಲ್ಲ ಹಳತಾಗುತ್ತದೆ. ಕೋಡ್ ಜಿಪಿಎಲ್ 3 ಲೈಸೆನ್ಸಿನಲ್ಲಿದೆ, ಕೈಪಿಡಿಗೆ ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0 ಎಂದು ಬೇರೆಯಾಗಿ ಬರೆದಿದೆ. ಕಡಲೆ, ಹತ್ತಿ ಪೇಟೆಗೆ ಯಾರಾದರೂ ತಿದ್ದಿಕೊಳ್ಳುವುದಾದರೆ ಕೇಳದೆ ತಿದ್ದಿಕೊಳ್ಳಬಹುದು.

ತೆರೆದಿರುವ ದೂರುಗಳು: ದರದ ಖಾನೆಯ ಹೆಸರು, ಬ್ಯಾಕಪ್ ಬಟನ್, ಫ್ರಿಬಿಡಿ ಕಡತವನ್ನು ಜಿಪ್‌ನಲ್ಲೇ ಸೇರಿಸುವುದು. ಮೂರನೆಯದು ಮುಗಿದರೆ ಒತ್ತಕ್ಷರದ ಪರಿಚ್ಛೇದದಲ್ಲಿ ಪರೀಕ್ಷೆಯ ಚೀಟಿ ಮಾತ್ರ ಉಳಿಯುತ್ತದೆ.